ದನದೂರಿನಲ್ಲೊಂದು ಸ್ವಂತ ಮನೆ

"ಇನ್ನೂ ಬಾಡಿಗೆ ಮನೇಲೇ ಇದೀರಾ?"

ಟೆಕ್ಸಾಸಿನ ಫೋರ್ಟ್ ವರ್ತ್‌ಗೆ ಬಂದು ಒಂದೆರಡು ವರ್ಷ ಕಳೆದ ಯಾವ ಕನ್ನಡಿಗನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಊರಿನಿಂದ ಅಪ್ಪ ಫೋನಿನಲ್ಲಿ ಕೇಳುತ್ತಾರೆ. ಯುಗಾದಿ ಊಟದ ಸಾಲಿನಲ್ಲಿ ಪಕ್ಕದವರು ಕೇಳುತ್ತಾರೆ. ನಮಗಿಂತ ಆರು ತಿಂಗಳು ತಡವಾಗಿ ಬಂದು ಆಗಲೇ ಗೃಹಪ್ರವೇಶ ಮುಗಿಸಿರುವ ಸಹೋದ್ಯೋಗಿಯಂತೂ ಕಾಫಿಗೆ ಹೋದಾಗಲೆಲ್ಲ ಕೇಳುತ್ತಾರೆ. "ಬಾಡಿಗೆ ಕೊಡೋದು ಅಂದ್ರೆ ದುಡ್ಡನ್ನ ನೀರಿಗೆ ಹಾಕಿದ ಹಾಗೆ ಕಣ್ರೀ" ಅನ್ನುವುದು ಇವರೆಲ್ಲರ ಒಕ್ಕೊರಲಿನ ಅಭಿಪ್ರಾಯ.

ನಾನು ಈ ಮಾತು ಒಪ್ಪುವುದಿಲ್ಲ. ಹಾಗಂತ ಮನೆ ಕೊಳ್ಳಲೇಬಾರದು ಅನ್ನುವವರ ಪೈಕಿಯೂ ಅಲ್ಲ. ಈ ಊರಿನಲ್ಲಿ ಮನೆ ಕೊಳ್ಳಲು ಒಂದೇ ಒಂದು ಗಟ್ಟಿ ಕಾರಣವಿದೆ: ಈ ಊರಲ್ಲೇ ಬಹಳ ವರ್ಷ ಇರಬೇಕು ಅನ್ನುವ ಮನಸ್ಸು. ಬಾಡಿಗೆ ಉಳಿಯುತ್ತೆ, ಬೆಲೆ ಏರುತ್ತೆ, ಎಲ್ಲರೂ ಕೊಂಡಿದ್ದಾರೆ ಅನ್ನುವ ಉಳಿದ ಕಾರಣಗಳು ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಇದು ನನ್ನ ವಾದ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಲೋಟ ಹಿಡಿದುಕೊಂಡೇ ಓದಿ :-)

ಮೊದಲು ಊರಿನ ಪರಿಚಯ. ಫೋರ್ಟ್ ವರ್ತ್ ಅಂತ ಹೆಸರು ಕೇಳಿ ಕೋಟೆ ನೋಡಲು ಬಂದರೆ ಇಲ್ಲಿ ಕೋಟೆಯೇ ಇಲ್ಲ. 1849ರಲ್ಲಿ ಟ್ರಿನಿಟಿ ನದಿಯ ಹತ್ತಿರ ಸೇನೆಯವರು ಹಾಕಿದ್ದ ಠಾಣೆ ಅದು. 1853ರಲ್ಲೇ ಸೇನೆ ಗಂಟುಮೂಟೆ ಕಟ್ಟಿತು, ಬಿಟ್ಟು ಹೋದ ಕಟ್ಟಡಗಳಲ್ಲಿ ಸುತ್ತಮುತ್ತಲಿನ ಜನ ಬಂದು ಸೇರಿಕೊಂಡರು. 1860ರ ದಶಕದ ಕೊನೆಗೆ ದಕ್ಷಿಣ ಟೆಕ್ಸಾಸಿನಿಂದ ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ದನ ಹೊಡೆದುಕೊಂಡು ಹೋಗುವ ಚಿಸಮ್ ಟ್ರೇಲ್ ಶುರುವಾದಾಗ, ಹಾದಿಯಲ್ಲಿ ಸಾಮಾನು ಕೊಂಡು, ಕುಡಿದು, ಮಲಗಿ ಮುಂದೆ ಹೋಗುವ ತಂಗುದಾಣ ಇದಾಯಿತು. ಅದಕ್ಕೇ ಇದರ ಅಡ್ಡಹೆಸರು ಕೌಟೌನ್. ನಮ್ಮ ಮನೆಯಲ್ಲಿ ದನದೂರು ಅಂತಲೇ ಕರೆಯುತ್ತೇವೆ.

1873ರ ಆರ್ಥಿಕ ಕುಸಿತದಲ್ಲಿ ಬರಬೇಕಿದ್ದ ರೈಲು ಹಳಿ ಅರ್ಧಕ್ಕೆ ನಿಂತು, ಜನ ಊರು ಬಿಟ್ಟರು. 1875ರಲ್ಲಿ ಡಲ್ಲಾಸಿನ ಪತ್ರಿಕೆಯೊಂದು, ಫೋರ್ಟ್ ವರ್ತ್ ಎಷ್ಟು ಬಿಕೋ ಅನ್ನುತ್ತಿದೆ ಎಂದರೆ ನಡುಬೀದಿಯಲ್ಲಿ ಪ್ಯಾಂಥರ್ ಒಂದು ಮಲಗಿ ನಿದ್ದೆ ಹೊಡೆಯುತ್ತಿತ್ತಂತೆ ಎಂದು ಗೇಲಿ ಮಾಡಿತು. ಊರಿನವರು ಸಿಟ್ಟಾಗುವ ಬದಲು ಪ್ಯಾಂಥರನ್ನೇ ತಮ್ಮ ಗುರುತು ಮಾಡಿಕೊಂಡರು. ಇವತ್ತಿಗೂ ಇಲ್ಲಿನ ಪೊಲೀಸರ ಬಿಲ್ಲೆಯ ಮೇಲೆ ಅದು ಕೂತಿದೆ. 1876ರಲ್ಲಿ ಊರ ಜನರೇ ಕೈಜೋಡಿಸಿ ಹಳಿಯ ಕೆಲಸ ಮುಗಿಸಿ ರೈಲು ತರಿಸಿಕೊಂಡರು. 1900ರ ದಶಕದ ಆರಂಭದಲ್ಲಿ ಆರ್ಮರ್ ಮತ್ತು ಸ್ವಿಫ್ಟ್ ಮಾಂಸದ ಕಾರ್ಖಾನೆಗಳು ಬರಲಿ ಅಂತ ಊರವರೇ ಒಂದು ಲಕ್ಷ ಡಾಲರ್ ಚಂದಾ ಎತ್ತಿದರು. ಈ ಕಥೆ ನನಗೆ ಇಷ್ಟ. ದನ ಹೊಡೆದುಕೊಂಡು ಬಂದ ಕೌಬಾಯ್ ನಾಲ್ಕು ದಿನ ಇದ್ದು ಹೊರಟು ಹೋದ. ಸಿನಿಮಾದಲ್ಲಿ ಅವನೇ ಹೀರೋ, ಆದರೆ ಊರು ಕಟ್ಟಿದ್ದು ಇಲ್ಲೇ ಉಳಿದವರು.

ಈಗಿನ ಫೋರ್ಟ್ ವರ್ತ್ ಬೇರೆಯೇ. 2000ದ ಜನಗಣತಿಯಲ್ಲಿ 5.34 ಲಕ್ಷ ಇದ್ದ ಜನಸಂಖ್ಯೆ 2020ರಲ್ಲಿ 9.18 ಲಕ್ಷ ಆಯಿತು. 2024ರ ಅಂದಾಜಿನಲ್ಲಿ ಹತ್ತು ಲಕ್ಷ ದಾಟಿತು. ಅಮೆರಿಕನ್ ಏರ್‌ಲೈನ್ಸ್, ಬಿಎನ್‌ಎಸ್‌ಎಫ್ ರೈಲ್ವೆಯ ಮುಖ್ಯ ಕಚೇರಿಗಳು ಇಲ್ಲಿವೆ, ಎಫ್-35 ಯುದ್ಧವಿಮಾನ ಇಲ್ಲಿ ತಯಾರಾಗುತ್ತದೆ. ನಮ್ಮಂಥ ಸಾಫ್ಟ್‌ವೇರಿನವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಉತ್ತರದ ಅಲಯನ್ಸ್, ವೆಸ್ಟ್‌ಲೇಕ್ ಕಡೆ. ಊರು ಬೆಳೆಯುತ್ತಿರುವುದೂ ಆ ಕಡೆಗೇ. ವಿಸ್ತೀರ್ಣ ಸುಮಾರು 350 ಚದರ ಮೈಲಿ, ಅಂದರೆ 900 ಚದರ ಕಿಲೋಮೀಟರಿಗೂ ಹೆಚ್ಚು. ಬಿಬಿಎಂಪಿ ಇದ್ದಾಗಿನ ಬೆಂಗಳೂರಿಗಿಂತ ದೊಡ್ಡ ಜಾಗ, ಜನ ಮಾತ್ರ ಅದರ ಹತ್ತನೇ ಒಂದು ಭಾಗವೂ ಇಲ್ಲ.

ಹಳೆಯ ದನದ ಸಂತೆ ಸ್ಟಾಕ್‌ಯಾರ್ಡ್ಸ್‌ನಲ್ಲಿ 1999ರಿಂದ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ಲಾಂಗ್‌ಹಾರ್ನ್ ದನಗಳ ಮೆರವಣಿಗೆ. ಊರಿಂದ ಬಂದ ಅಪ್ಪ ಅಮ್ಮನನ್ನು ನಾವೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿರುತ್ತೇವೆ. (ಟೆಕ್ಸಾಸಿನಲ್ಲಿ ಎಲ್ಲೆಲ್ಲೂ ಕಾಣುವ, ಭುಜದ ಮೇಲೆ ಡುಬ್ಬ ಇರುವ ಬ್ರಾಹ್ಮನ್ ತಳಿಯ ದನ ಗೊತ್ತಲ್ಲ? ಭಾರತದಿಂದ ಹೋದ ತಳಿಗಳಿಂದ ಬೆಳೆಸಿದ್ದು ಅದು. ಗಿರ್, ಗುಜರಾತಿ, ನೆಲ್ಲೂರಿನ ಜೊತೆಗೆ ನಮ್ಮ ಬೆಳಗಾವಿ, ವಿಜಯಪುರ ಕಡೆಯ ಕೃಷ್ಣಾ ವ್ಯಾಲಿ ತಳಿಯ ರಕ್ತವೂ ಸ್ವಲ್ಪ ಇದೆ. ವೀಸಾ ಇಲ್ಲದೆ ನೂರು ವರ್ಷದ ಹಿಂದೆಯೇ ಬಂದು ನೆಲೆಸಿದ ಕನ್ನಡಿಗರು!)

ಉತ್ತರದ ಹೆದ್ದಾರಿಗಳಲ್ಲಿ ಹೋಗುವಾಗ ಮಾಲಿಗೂ ಗೋದಾಮಿಗೂ ನಡುವೆ ಖಾಲಿ ಜಾಗದಲ್ಲಿ ಹತ್ತಿಪ್ಪತ್ತು ಹಸು ಮೇಯುತ್ತಿರುವುದು ಕಾಣುತ್ತದೆ. ನಾನು ಮೊದಮೊದಲು "ಆಹಾ, ಇನ್ನೂ ಹಳ್ಳಿ ಉಳಿದಿದೆ" ಅಂದುಕೊಳ್ಳುತ್ತಿದ್ದೆ. ಆಮೇಲೆ ಅದರ ಹಿಂದಿನ ಕಾನೂನು ಗೊತ್ತಾಯಿತು. ಟೆಕ್ಸಾಸಿನಲ್ಲಿ ಕೃಷಿಗೆ, ದನ ಮೇಯಿಸಲಿಕ್ಕೆ ಬಳಸುವ ಜಮೀನಿಗೆ ಕಂದಾಯ ಹಾಕುವುದು ಮಾರುಕಟ್ಟೆ ಬೆಲೆಯ ಮೇಲಲ್ಲ, ಆ ಜಮೀನಿನ ಉತ್ಪತ್ತಿಯ ಲೆಕ್ಕದ ಮೇಲೆ. ಹಾಗಾಗಿ ಬಡಾವಣೆ ಮಾಡುವವರೂ ಕಟ್ಟಡ ಏಳುವ ತನಕ ದನ ಮೇಯಲು ಬಿಟ್ಟಿರುತ್ತಾರೆ. ಉಪಯೋಗ ಬದಲಾದಾಗ ಹಿಂದಿನ ಮೂರು ವರ್ಷದ ವ್ಯತ್ಯಾಸ ಕಟ್ಟಬೇಕು, ಅಷ್ಟೇ. ಕೊನೆಗೆ ಹಸು ಹೋಗುತ್ತದೆ, ಮನೆ ಬರುತ್ತದೆ, ಬಡಾವಣೆಯ ಹೆಸರಿನಲ್ಲಿ ರಾಂಚ್ ಅಂತಲೋ ಟ್ರೇಲ್ಸ್ ಅಂತಲೋ ಉಳಿಯುತ್ತದೆ. ಬೆಂಗಳೂರಿನಲ್ಲಿ ಕೆರೆ ಮುಚ್ಚಿ ಬಡಾವಣೆಗೆ ಲೇಕ್ ವ್ಯೂ ಅಂತ ಹೆಸರಿಡುತ್ತಾರಲ್ಲ, ಹಾಗೆ.

ಇಂಥ ಬಡಾವಣೆಯಲ್ಲಿ ನಾಲ್ಕು ಬೆಡ್‌ರೂಮಿನ ಹೊಚ್ಚ ಹೊಸ ಮನೆ, ಎರಡು ಕಾರಿನ ಗ್ಯಾರೇಜು, ಹಿತ್ತಿಲು. ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯರ ಹೊಟ್ಟೆ ಉರಿಯುವಂಥ ಬೆಲೆ. ಬನ್ನಿ, ಈಗ ಲೆಕ್ಕಕ್ಕೆ ಬರೋಣ.

ಉದಾಹರಣೆಗೆ ನಾಲ್ಕು ಲಕ್ಷ ಡಾಲರಿನ ಮನೆ. ಕೈಯಿಂದ ಶೇಕಡಾ 20 ಹಾಕಿದರೆ ಸಾಲ 3,20,000. ಮೂವತ್ತು ವರ್ಷ, ಬಡ್ಡಿ ಶೇಕಡಾ 6.5 ಅಂತ ಇಟ್ಟುಕೊಂಡರೆ ತಿಂಗಳ ಕಂತು ಸುಮಾರು 2,022 ಡಾಲರ್. (2021ರ ಜನವರಿಯಲ್ಲಿ 30 ವರ್ಷದ ಸಾಲದ ಸರಾಸರಿ ಬಡ್ಡಿ 2.65ಕ್ಕೆ ಇಳಿದಿತ್ತು. ಆ ದರದಲ್ಲಿ ಇದೇ ಸಾಲಕ್ಕೆ 1,290 ಡಾಲರ್ ಆಗುತ್ತಿತ್ತು. ಅದೇ 2023ರ ಅಕ್ಟೋಬರಿನಲ್ಲಿ 7.79ಕ್ಕೆ ಏರಿದಾಗ 2,300. ಆದ್ದರಿಂದ 2021ರಲ್ಲಿ ಕೊಂಡವರ ಉಪದೇಶವನ್ನು ಸ್ವಲ್ಪ ಸೋಸಿ ಕೇಳಿ.) ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ನಾವೆಲ್ಲ ಖುಷಿಪಡುತ್ತೇವೆ. ಸರ್ಕಾರ ಸುಮ್ಮನೆ ಬಿಡುತ್ತದೆಯೇ? ಮನೆ ಕಂದಾಯದಲ್ಲಿ ವಸೂಲಿ ಮಾಡುತ್ತದೆ. ಊರು, ಕೌಂಟಿ, ಶಾಲೆ, ಆಸ್ಪತ್ರೆ, ಕಾಲೇಜು ಎಲ್ಲ ಸೇರಿ ನೂರು ಡಾಲರ್ ಮೌಲ್ಯಕ್ಕೆ ಎರಡಕ್ಕಿಂತ ಹೆಚ್ಚು ಡಾಲರ್ ಇರುವುದು ಮಾಮೂಲು. ವಿನಾಯಿತಿಗಳೆಲ್ಲ ಕಳೆದು ಶೇಕಡಾ 2 ಅಂತಲೇ ಹಿಡಿಯಿರಿ, ವರ್ಷಕ್ಕೆ 8,000, ತಿಂಗಳಿಗೆ 667. ವಿಮೆಗೆ ವರ್ಷಕ್ಕೆ 4,000 ಅಂದರೆ ತಿಂಗಳಿಗೆ 333. ಬಡಾವಣೆಯ ಎಚ್‌ಓಎ ಸಂಘಕ್ಕೆ ಒಂದು 60. ಒಟ್ಟು 3,082 ಡಾಲರ್.

ಇದರಲ್ಲಿ ಮೊದಲ ತಿಂಗಳು ಅಸಲಿಗೆ ಹೋಗುವುದು ಎಷ್ಟು ಗೊತ್ತೇ? 289 ಡಾಲರ್. ಉಳಿದ 2,793 ಡಾಲರ್ ಬಡ್ಡಿಗೆ, ಕಂದಾಯಕ್ಕೆ, ವಿಮೆಗೆ, ಸಂಘಕ್ಕೆ. ಬಾಡಿಗೆ ನೀರಿಗೆ ಹಾಕಿದ ದುಡ್ಡಾದರೆ ಇದು ಯಾವ ಗಂಗೆಗೆ ಹಾಕಿದ್ದು ಸ್ವಾಮಿ? ಕೈಯಿಂದ ಹಾಕಿದ 80,000 ಡಾಲರ್ ಬೇರೆ ಕಡೆ ಇದ್ದಿದ್ದರೆ ಬರುತ್ತಿದ್ದ ಬಡ್ಡಿಯನ್ನಂತೂ ನಾನು ಲೆಕ್ಕಕ್ಕೇ ಹಿಡಿದಿಲ್ಲ. ಅದೇ ಬೀದಿಯಲ್ಲಿ ಅಂಥದ್ದೇ ಮನೆಗೆ ಬಾಡಿಗೆ ಎಷ್ಟು ಅಂತ ವಿಚಾರಿಸಿ, ಈ 2,793ರ ಪಕ್ಕ ಇಟ್ಟು ನೋಡಿ. ಅದು ಸರಿಯಾದ ಹೋಲಿಕೆ.

ಮೂರು ವರ್ಷಕ್ಕೆ ಮಾರಿ ಹೋಗುತ್ತೇನೆ ಅನ್ನುವವರಿಗೆ ಇನ್ನೊಂದು ಲೆಕ್ಕ. ಮೂರು ವರ್ಷದಲ್ಲಿ ತೀರುವ ಅಸಲು ಸುಮಾರು 11,500 ಡಾಲರ್. ಮಾರುವಾಗ ಏಜೆಂಟರಿಗೆ ಮತ್ತು ಇತರ ಖರ್ಚಿಗೆ ಶೇಕಡಾ 6 ಅಂತ ಹಿಡಿದರೂ 24,000. ಬೆಲೆ ಏರದಿದ್ದರೆ ಜೇಬಿನಿಂದಲೇ ಕೊಟ್ಟು ಹೊರಬರಬೇಕು. ಪಕ್ಕದ ಬೀದಿಯಲ್ಲಿ ಬಿಲ್ಡರ್ ಇನ್ನೂ ಹೊಸ ಮನೆ ಕಟ್ಟುತ್ತಾ, ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಮಾರುತ್ತಿರುವಾಗ ನಿಮ್ಮ ಮೂರು ವರ್ಷ ಹಳೆಯ ಮನೆಗೆ ಯಾಕೆ ಹೆಚ್ಚು ಕೊಡುತ್ತಾರೆ? ಬೆಳೆಯುವ ಊರಿನಲ್ಲಿ ಬೆಲೆ ಏರಲೇಬೇಕು ಅನ್ನುವುದು ಬೆಂಗಳೂರಿನ ಸೈಟಿನ ಲೆಕ್ಕ. ಇಲ್ಲಿ ಸುತ್ತಲೂ ಬಯಲು, ಊರು ಬೆಳೆದಷ್ಟೂ ಹೊಸ ಮನೆಗಳೂ ಬೆಳೆಯುತ್ತವೆ.

ಹೊಸ ಮನೆಯವರಿಗೆ ಮತ್ತೊಂದು ಗುಂಡಿ ಇದೆ. ಕಂದಾಯದ ಮೌಲ್ಯ ನಿಗದಿ ಆಗುವುದು ಪ್ರತಿ ಜನವರಿ 1ರ ಸ್ಥಿತಿ ನೋಡಿ. ಆ ದಿನ ಅಲ್ಲಿ ಬರೀ ಸೈಟು ಇದ್ದರೆ ಮೊದಲ ವರ್ಷ ಸೈಟಿನ ಕಂದಾಯ ಮಾತ್ರ. ಬ್ಯಾಂಕಿನವರು ಅದನ್ನೇ ಆಧರಿಸಿ ತಿಂಗಳ ಕಂತು ಹಾಕಿಬಿಟ್ಟರೆ ಮರುವರ್ಷ ಪೂರ್ತಿ ಮನೆಯ ಕಂದಾಯ ಜೊತೆಗೆ ಹಿಂದಿನ ಬಾಕಿ, ಎರಡೂ ಒಟ್ಟಿಗೆ ಬರುತ್ತವೆ. ನನ್ನ ಗೆಳೆಯರೊಬ್ಬರಿಗೆ ಎರಡನೇ ವರ್ಷ ತಿಂಗಳ ಕಂತು ಆರುನೂರು ಡಾಲರಿನಷ್ಟು ಜಿಗಿಯಿತು. ಬಡ್ಡಿ ಸ್ಥಿರ ಅಂತ ಅವರು ನೆಮ್ಮದಿಯಾಗಿದ್ದರು, ಬಡ್ಡಿ ಸ್ಥಿರವಾಗಿಯೇ ಇತ್ತು!

ಕೊಂಡವರು ಮಾಡಲೇಬೇಕಾದದ್ದು: ಹೋಮ್‌ಸ್ಟೆಡ್ ಅರ್ಜಿ ಹಾಕಿ. ಡ್ರೈವಿಂಗ್ ಲೈಸೆನ್ಸಿನಲ್ಲಿ ಆ ಮನೆಯ ವಿಳಾಸ ಇರಬೇಕು. ಶಾಲಾ ಕಂದಾಯಕ್ಕೆ ಮೌಲ್ಯದಲ್ಲಿ ಬಿಡುವ ವಿನಾಯಿತಿ 2023ರಲ್ಲಿ ಒಂದು ಲಕ್ಷ ಡಾಲರಿಗೆ ಏರಿತ್ತು, 2025ರ ನವೆಂಬರಿನಲ್ಲಿ ಮತದಾರರು 1,40,000ಕ್ಕೆ ಏರಿಸಿದರು. ಕಂದಾಯದ ಮೌಲ್ಯ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರದಂತೆ ತಡೆಯೂ ಅದರಿಂದಲೇ ಸಿಗುತ್ತದೆ. ಮೌಲ್ಯ ಜಾಸ್ತಿ ಅನ್ನಿಸಿದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಸಲ್ಲಿಸಬಹುದು. ಟೆಕ್ಸಾಸಿನಲ್ಲಿ ಮನೆ ಮಾರಾಟವಾದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನಿಲ್ಲ, ಹಾಗಾಗಿ ವಾದಕ್ಕೆ ಜಾಗ ಇದ್ದೇ ಇದೆ.

ಈಗ ನೆಲದ ವಿಷಯ. ಗದಗ, ನವಲಗುಂದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಎರೆಹೊಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿಕೊಳ್ಳುತ್ತದೆ. ಉತ್ತರ ಟೆಕ್ಸಾಸಿನ ಜೇಡಿಮಣ್ಣಿನದ್ದೂ ಅದೇ ಗುಣ. ಅದರ ಮೇಲೆ ಇಲ್ಲಿ ಕಾಂಕ್ರೀಟಿನ ಹಾಸು ಎರೆದು, ಅದರ ಮೇಲೆ ಮರದ ಮನೆ ನಿಲ್ಲಿಸುತ್ತಾರೆ. ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲು ಒದ್ದೆ ಇದ್ದರೆ ಹಾಸು ವಾಲುತ್ತದೆ. ಬಾಗಿಲು ಹಾಕಲು ಬರುವುದಿಲ್ಲ, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಬಿರುಕು. ಹಾಗಾಗಿ ಆಗಸ್ಟಿನಲ್ಲಿ ಇಲ್ಲಿಯ ಜನ ಮನೆಯ ಸುತ್ತ ತೂತಿನ ಪೈಪು ಹಾಸಿ ಪಾಯಕ್ಕೆ ನೀರು ಬಿಡುತ್ತಾರೆ. ಗಿಡಕ್ಕೆ ನೀರು ಹಾಕುವುದು ನೋಡಿದ್ದೆ, ಮನೆಗೆ ನೀರು ಹಾಕುವುದನ್ನು ಇಲ್ಲೇ ನೋಡಿದ್ದು! ಕೆಟ್ಟ ಮೇಲೆ ಎತ್ತಿ ಕಂಬ ಕೊಡಿಸಲು ಸಾವಿರಗಟ್ಟಲೆ ಡಾಲರ್ ಖರ್ಚು, ಸಾಮಾನ್ಯ ವಿಮೆಯಲ್ಲಿ ಅದು ಸಿಗುವುದಿಲ್ಲ. ಟೆಕ್ಸಾಸಿನ ಕರಾರಿನಲ್ಲಿ ಸ್ವಲ್ಪ ಶುಲ್ಕ ಕೊಟ್ಟರೆ ಕೆಲವು ದಿನಗಳೊಳಗೆ ಯಾವ ಕಾರಣಕ್ಕಾದರೂ ಹಿಂದೆ ಸರಿಯುವ ಹಕ್ಕು ಪಡೆಯಬಹುದು. ಆ ದಿನಗಳಲ್ಲಿ ಮಾಮೂಲಿ ಇನ್‌ಸ್ಪೆಕ್ಟರ್ ಜೊತೆಗೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನೂ ಕರೆಸಿ. ಗ್ರಾನೈಟ್ ಅಡುಗೆಕಟ್ಟೆ ನೋಡಿ ಮರುಳಾಗುವ ಮುನ್ನ ನೆಲದ ಮಟ್ಟ ಅಳೆಸಿ.

ಮೇಲೆ ಆಕಾಶ. ಇಲ್ಲಿಯ ವಸಂತ ಅಂದರೆ ಆಲಿಕಲ್ಲು. 1995ರ ಮೇ 5ರಂದು ನದಿ ದಂಡೆಯಲ್ಲಿ ಮೇಫೆಸ್ಟ್ ಜಾತ್ರೆ ನಡೆಯುತ್ತಿದ್ದಾಗ ಬಿದ್ದ ಆಲಿಕಲ್ಲಿಗೆ ಬಯಲಲ್ಲಿದ್ದ ಅನೇಕರು ಗಾಯಗೊಂಡರು, ನಷ್ಟ ನೂರು ಕೋಟಿ ಡಾಲರ್ ಮೀರಿತು. 2000ದ ಮಾರ್ಚ್ 28ರಂದು ಸುಂಟರಗಾಳಿ ಊರ ನಡುವೆಯೇ ಹಾದು ಹೋಯಿತು. ಅದಕ್ಕೇ ಇಲ್ಲಿಯ ವಿಮೆ ದುಬಾರಿ. ಅಷ್ಟೇ ಅಲ್ಲ, ಗಾಳಿ ಮತ್ತು ಆಲಿಕಲ್ಲಿಗೆ ನಮ್ಮ ಪಾಲು ಬೇರೆ ಇರುತ್ತದೆ. ಶೇಕಡಾ 2 ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು ನಷ್ಟದ ಶೇಕಡಾ 2 ಅಲ್ಲ, ಮನೆಯ ವಿಮಾ ಮೊತ್ತದ ಶೇಕಡಾ 2. ನಾಲ್ಕು ಲಕ್ಷಕ್ಕೆ 8,000 ಡಾಲರ್ ಕೈಯಿಂದ. ಮಳೆ ನಿಂತ ಮರುದಿನ ಬಾಗಿಲು ತಟ್ಟಿ "ನಿಮ್ಮ ಪಾಲು ನಾವೇ ನೋಡಿಕೊಳ್ತೀವಿ" ಅನ್ನುವ ಚಾವಣಿ ರಿಪೇರಿಯವರನ್ನು ನಂಬಬೇಡಿ, 2019ರಿಂದ ಅದು ಇಲ್ಲಿ ಕಾನೂನುಬಾಹಿರ.

ಇನ್ನು ಪಾತಾಳ. ಫೋರ್ಟ್ ವರ್ತ್ ಕೂತಿರುವುದು ಬಾರ್ನೆಟ್ ಶೇಲ್ ಎಂಬ ಅನಿಲದ ಪದರದ ಮೇಲೆ. 2000ದ ದಶಕದಲ್ಲಿ ಊರೊಳಗೇ ನೂರಾರು ಅನಿಲ ಬಾವಿ ಕೊರೆದರು. ಟೆಕ್ಸಾಸಿನಲ್ಲಿ ನೆಲದ ಮೇಲಿನ ಹಕ್ಕು ಬೇರೆ, ಕೆಳಗಿನ ಖನಿಜದ ಹಕ್ಕು ಬೇರೆ. ಅನೇಕ ಬಡಾವಣೆಗಳಲ್ಲಿ ಖನಿಜದ ಹಕ್ಕನ್ನು ಹಿಂದಿನವರು ಇಟ್ಟುಕೊಂಡು ಬರೀ ಮೇಲಿನ ಚರ್ಮ ಮಾರಿರುತ್ತಾರೆ. ಪತ್ರ ಓದಿ, ಹತ್ತಿರ ಬಾವಿ ಎಲ್ಲಿದೆ ನೋಡಿ. ಸ್ವಂತ ಮನೆ ಅಂದಾಗ ಸ್ವಂತ ಯಾವುದು ಅಂತ ಸ್ವಲ್ಪ ಯೋಚಿಸಬೇಕಾಗುತ್ತದೆ, ಅಲ್ವಾ?

ಇಷ್ಟೆಲ್ಲ ಇದ್ದೂ ಎಚ್-1ಬಿ ವೀಸಾದಲ್ಲಿರುವ ನಮಗೆ ಎಲ್ಲಕ್ಕಿಂತ ದೊಡ್ಡ ವಿಷಯ ಬೇರೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಬೇರೆ ವೀಸಾಕ್ಕೆ ಹೋಗಬೇಕು, ಇಲ್ಲವೇ ಹೊರಡಬೇಕು. ಮನೆ ಮಾರಾಟಕ್ಕೆ ಗಿರಾಕಿ ಸಿಕ್ಕ ಮೇಲೂ ಕಾಗದಪತ್ರ ಮುಗಿಯಲು ತಿಂಗಳು ಬೇಕು. ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ ಮನೆ ಕಾಲಿಗೆ ಕಟ್ಟಿದ ಗುಂಡುಕಲ್ಲು. "ಏನಾಗಲ್ಲ ಬಿಡ್ರೀ, ದೇವರಿದ್ದಾನೆ" ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ಆರು ತಿಂಗಳ ಖರ್ಚು, ಅಂದರೆ ಮೇಲಿನ ಲೆಕ್ಕದಲ್ಲಿ ಮನೆಗೇ 18,500 ಡಾಲರ್, ಮುಂಗಡ ಕೊಟ್ಟ ಮೇಲೂ ಬ್ಯಾಂಕಿನಲ್ಲಿ ಉಳಿದಿದೆಯೇ? ಉಳಿದಿದ್ದರೆ ಕೊಳ್ಳಿ. ಇಲ್ಲದಿದ್ದರೆ ಬಾಡಿಗೆ ಮನೆಯಲ್ಲಿ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಕೊಳ್ಳುವುದರಲ್ಲಿ ಲಾಭವೇ ಇಲ್ಲವೇ? ಖಂಡಿತ ಇದೆ. ಮೂವತ್ತು ವರ್ಷ ಬಡ್ಡಿ ಬದಲಾಗದ ಸಾಲ ನಮ್ಮೂರಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಹತ್ತು ವರ್ಷ ಇದ್ದರೆ ಬಾಡಿಗೆ ಏರುತ್ತಾ ಹೋಗುತ್ತದೆ, ಸಾಲದ ಕಂತು ಅಲ್ಲೇ ಇರುತ್ತದೆ. ಮಕ್ಕಳ ಶಾಲೆ ಬದಲಿಸಬೇಕಾಗಿಲ್ಲ. (ವಿಳಾಸ ಫೋರ್ಟ್ ವರ್ತ್ ಅಂತಿದ್ದ ಮಾತ್ರಕ್ಕೆ ಶಾಲೆಯೂ ಅದೇ ಜಿಲ್ಲೆಯದಲ್ಲ. ಕೆಲ್ಲರ್, ನಾರ್ತ್‌ವೆಸ್ಟ್, ಈಗಲ್ ಮೌಂಟನ್-ಸ್ಯಾಗಿನಾ ಹೀಗೆ ಬೇರೆ ಬೇರೆ ಶಾಲಾ ಜಿಲ್ಲೆಗಳು ಊರೊಳಗೆ ಬರುತ್ತವೆ. ಫೋರ್ಟ್ ವರ್ತ್ ಶಾಲಾ ಜಿಲ್ಲೆಯ ಆಡಳಿತವನ್ನು ರಾಜ್ಯ ತನ್ನ ಕೈಗೆ ತೆಗೆದುಕೊಳ್ಳುವುದಾಗಿ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಮನೆ ನಂಬರು ಹಾಕಿ ಪರೀಕ್ಷಿಸಿಯೇ ಮುಂದುವರಿಯಿರಿ.) ಆದರೆ ಗಮನಿಸಿ, ಈ ಲಾಭಗಳೆಲ್ಲ ಇಲ್ಲೇ ಉಳಿಯುವವರಿಗೆ ಮಾತ್ರ ಸಿಗುವಂಥವು.

ಉಳಿಯಬೇಕಾದರೆ ಊರು ಇಷ್ಟವಾಗಬೇಕು. ಇಲ್ಲೇ ನಮ್ಮ ಜನ ಲೆಕ್ಕ ತಪ್ಪುವುದು. ಊರಿನಿಂದ ಇಪ್ಪತ್ತೈದು ಮೈಲಿ ದೂರದ ರಾಂಚ್ ಹೆಸರಿನ ಬಡಾವಣೆಯಲ್ಲಿ 3,000 ಚದರಡಿ ಮನೆ ಕೊಂಡು, ಶನಿವಾರ ದೇವಸ್ಥಾನಕ್ಕೂ ದಿನಸಿಗೂ ಫ್ರಿಸ್ಕೋ, ಅರ್ವಿಂಗಿಗೆ ಕಾರು ಓಡಿಸಿ, ವರ್ಷಕ್ಕೊಮ್ಮೆ ನೆಂಟರಿಗೆ ದನದ ಮೆರವಣಿಗೆ ತೋರಿಸಿದರೆ ಅದು ಫೋರ್ಟ್ ವರ್ತ್‌ನಲ್ಲಿ ಬದುಕಿದ ಹಾಗಾಯಿತೇ? ಮನಸ್ಸು ಪೂರ್ತಿ ಫ್ರಿಸ್ಕೋದಲ್ಲಿದ್ದರೆ ಅಲ್ಲೇ ಚಿಕ್ಕ ಮನೆ ಬಾಡಿಗೆ ಹಿಡಿಯುವುದು ಜಾಣತನ. ಈ ಊರು ಬೇಕು ಅನ್ನುವವರು ಮೊದಲ ಒಂದೆರಡು ವರ್ಷ ಊರೊಳಗೆ ಬಾಡಿಗೆಗಿದ್ದು ನೋಡಿ. ಫೇರ್‌ಮೌಂಟಿನ ನೂರು ವರ್ಷದ ಪುಟ್ಟ ಮನೆಗಳ ಸಾಲಿನಲ್ಲಿ ಸಂಜೆ ನಡೆದುಬನ್ನಿ. ಟ್ರಿನಿಟಿ ದಂಡೆಯ ಮೇಲೆ ಸೈಕಲ್ ಹೊಡೆಯಿರಿ. ಕಿಂಬೆಲ್ ಮ್ಯೂಸಿಯಂ ನೋಡಿ. 1972ರಲ್ಲಿ ತೆರೆದ ಆ ಕಟ್ಟಡ ಲೂಯಿ ಕಾನ್ ಅವರದ್ದು, ಅಹಮದಾಬಾದಿನ ಐಐಎಂ ವಿನ್ಯಾಸ ಮಾಡಿದವರೂ ಅವರೇ. ಅಲ್ಲಿ ಅವರ ಜೊತೆ ದುಡಿದ ಬಿ.ವಿ. ದೋಶಿ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಿದರು. ಕಿಂಬೆಲ್‌ನ ಸ್ವಂತ ಸಂಗ್ರಹ ನೋಡಲು ಟಿಕೆಟ್ಟೂ ಇಲ್ಲ. ಒಂದು ಬೇಸಿಗೆ, ಒಂದು ಆಲಿಕಲ್ಲಿನ ವಸಂತ, ಒಂದು ರೋಡಿಯೋ ಸೀಸನ್ ಕಳೆಯಿರಿ. ಆಮೇಲೂ "ಇಲ್ಲೇ ಇರೋಣ" ಅಂತ ಮನೆಯವರಿಬ್ಬರಿಗೂ ಅನ್ನಿಸಿದರೆ ಧೈರ್ಯವಾಗಿ ಕೊಳ್ಳಿ. ಕೊಂಡ ಮೇಲೆ ಎಚ್‌ಓಎ ಸಭೆಗೆ ಹೋಗಿ, ನಗರಸಭೆಯಲ್ಲಿ ನಿಮ್ಮ ಬೀದಿಯ ಚರಂಡಿ ಬಗ್ಗೆ ಮಾತಾಡಿ. ನಮಗೆ ಓಟು ಇಲ್ಲ ನಿಜ, ಆದರೆ ಕಂದಾಯ ಕಟ್ಟುವವನ ಬಾಯಿ ಯಾರೂ ಮುಚ್ಚಿಸಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ ನಾಲ್ಕು ವರ್ಷದಿಂದ ಇದೇ ಊರಿನಲ್ಲಿ ಬಾಡಿಗೆಗಿದ್ದೇನೆ, ಊರು ಇಷ್ಟ, ಆರು ತಿಂಗಳ ಗಂಟು ಮಾತ್ರ ಇನ್ನೂ ಪೂರ್ತಿ ಆಗಿಲ್ಲ. ಆದ ದಿನ ಎರೆಮಣ್ಣಿನ ಮೇಲೊಂದು ಚಿಕ್ಕ ಮನೆ ಹುಡುಕಲು ಹೊರಡುತ್ತೇವೆ. ಅಲ್ಲಿಯ ತನಕ ಕೇಳುವವರು ಕೇಳಲಿ, ನಾವು ಬಾಡಿಗೆ ಕಟ್ಟಿ ಆರಾಮಾಗಿರುತ್ತೇವೆ.

ಸಿಯಾಟಲ್, ಟೊರೊಂಟೊ, ಪುಣೆ, ಹುಬ್ಬಳ್ಳಿ ಎಲ್ಲೇ ಇರಿ, ನಿಮ್ಮ ಊರಿನ ಲೆಕ್ಕ ಹೇಗಿದೆ? ಬಾಡಿಗೆಯಾ, ಸ್ವಂತವಾ? ಅಂಕಿಸಂಖ್ಯೆ ಸಮೇತ ಬರೆಯಿರಿ, ಜಗಳ ಆಡೋಣ :-)